ಪಿಕಪ್‌ಗೆ ಹೊರಗಿನ ಸೈಲೆನ್ಸರ್ ಕಿಟ್: ಅಗಲ ನೋಡುವ ಮೊದಲು ಆರ್‌ಪಿಎಂ ನೋಡಿ

ಪ್ರಶ್ನೆ: ನಮಸ್ಕಾರ ಸರ್. ನನ್ನದು ವಿ8, ಅಂದರೆ ಎಂಟು ಸಿಲಿಂಡರಿನ ಪೆಟ್ರೋಲ್ ಎಂಜಿನ್ನಿನ ಪಿಕಪ್. ವಾರವಿಡೀ ಹೆದ್ದಾರಿಯಲ್ಲಿ ಕೆಲಸಕ್ಕೆ ಹೋಗಿಬರಲು ಅದನ್ನೇ ಬಳಸುತ್ತೇನೆ. ತಿಂಗಳಿಗೆ ಎರಡು ಮೂರು ಬಾರಿ ಟ್ರೇಲರ್ ಎಳೆಯುವುದೂ ಇರುತ್ತದೆ. ಮೂಲ ಸೈಲೆನ್ಸರಿನ ಬೆಸುಗೆಯ ಬಳಿ ತುಕ್ಕು ತಿಂದು ತೂತು ಬಿದ್ದಿದೆ. ಹೇಗೂ ಬದಲಿಸಲೇಬೇಕಾದ್ದರಿಂದ, ಗಂಭೀರವಾದ ಸದ್ದಿನ, ಸಾಧ್ಯವಾದರೆ ಸ್ವಲ್ಪ ಶಕ್ತಿಯನ್ನೂ ಕೊಡುವ ಕ್ಯಾಟ್‌-ಬ್ಯಾಕ್ ಕಿಟ್ (ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿನ ಹಿಂದಿನ ಕೊಳವೆ ಮತ್ತು ಸೈಲೆನ್ಸರ್) ಹಾಕಿಸೋಣವೆಂದಿದ್ದೇನೆ. ಈಗಿರುವ ಕೊಳವೆ 2.5 ಇಂಚಿನದು. ಗೆಳೆಯರೊಬ್ಬರು 3 ಇಂಚಿನದನ್ನೇ ಹಾಕಿಸು ಎನ್ನುತ್ತಾರೆ. ಮತ್ತೊಬ್ಬರು ಬ್ಯಾಕ್ ಪ್ರೆಶರ್ ಹೋದರೆ ಗಾಡಿಯ ಎಳೆತವೇ ಕುಸಿಯುತ್ತದೆ ಎಂದು ಹೆದರಿಸುತ್ತಾರೆ. ಯಾರ ಮಾತು ನಂಬಲಿ?

ಉತ್ತರ: ನಮಸ್ಕಾರ. ನಿಮ್ಮ ಗೆಳೆಯರಿಬ್ಬರೂ ಕೊಳವೆಯ ಅಗಲದ ಬಗ್ಗೆ ವಾದಿಸುತ್ತಿದ್ದಾರೆ. ನಿಮ್ಮಂಥ ಬಳಕೆಗೆ ನಾನು ಮೊದಲು ಕೇಳುವುದು ಬೇರೊಂದು ಸಂಖ್ಯೆಯನ್ನು: ನೀವು ಸಾಮಾನ್ಯವಾಗಿ ಓಡಿಸುವ ವೇಗದಲ್ಲಿ, ಟ್ರೇಲರ್ ಇದ್ದಾಗ ಮತ್ತು ಇಲ್ಲದಾಗ, ಎಂಜಿನ್ ಎಷ್ಟು ಆರ್‌ಪಿಎಂನಲ್ಲಿ ತಿರುಗುತ್ತಿರುತ್ತದೆ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು? ಕಿಟ್ ಕೊಳ್ಳುವ ಮುಂಚೆ ಒಂದು ವಾರ ಮೀಟರ್ ಗಮನಿಸಿ ಅದನ್ನು ಬರೆದಿಟ್ಟುಕೊಳ್ಳಿ. ಅದು ಏಕೆ ಬೇಕೆಂದು ಬ್ಯಾಕ್ ಪ್ರೆಶರಿನ ಗೊಂದಲ ಬಗೆಹರಿಸಿದ ಮೇಲೆ ಹೇಳುತ್ತೇನೆ.

ಬ್ಯಾಕ್ ಪ್ರೆಶರ್ ಯಾವ ಎಂಜಿನ್ನಿಗೂ ಬೇಕಾದದ್ದಲ್ಲ. ಪಿಸ್ಟನ್ ಸುಟ್ಟ ಅನಿಲವನ್ನು ಹೊರದಬ್ಬುವಾಗ ಎದುರಾಗುವ ಅಡ್ಡಿ ಅದು. ಅಡ್ಡಿ ಹೆಚ್ಚಿದಷ್ಟೂ ಎಂಜಿನ್ ತನ್ನ ಶಕ್ತಿಯನ್ನು ದಬ್ಬುವುದಕ್ಕೇ ಖರ್ಚು ಮಾಡುತ್ತದೆ. ಎಂಜಿನ್ನಿಗೆ ಬೇಕಾದದ್ದು ಅನಿಲದ ವೇಗ. ಎಕ್ಸಾಸ್ಟ್ ವಾಲ್ವ್ ತೆರೆದೊಡನೆ ನುಗ್ಗಿದ ಅನಿಲದ ಅಲೆ ಬಿರುಸಾಗಿ ಸಾಗಿದರೆ, ಅದರ ಬೆನ್ನಿಗೆ ಒತ್ತಡ ಇಳಿದು, ಸಿಲಿಂಡರಿನಲ್ಲಿ ಉಳಿದ ಅನಿಲವೂ ಎಳೆದುಕೊಂಡು ಹೋಗುತ್ತದೆ. ಕೊಳವೆ ತೀರಾ ಅಗಲವಾದರೆ ಕಡಿಮೆ ಆರ್‌ಪಿಎಂನಲ್ಲಿ ಆ ಸೆಳೆತ ಸೊರಗುತ್ತದೆ. ಇದನ್ನೇ ಜನ ಬ್ಯಾಕ್ ಪ್ರೆಶರ್ ಹೋಯಿತು ಎನ್ನುತ್ತಾರೆ. ಆದರೆ ಈ ಸೆಳೆತದ ಆಟ ಬಹುಪಾಲು ನಡೆಯುವುದು ಸಿಲಿಂಡರುಗಳ ಹೊಗೆಯನ್ನು ಒಟ್ಟುಗೂಡಿಸುವ ಮ್ಯಾನಿಫೋಲ್ಡಿನೊಳಗೆ. ಕ್ಯಾಟಲಿಟಿಕ್ ಕನ್ವರ್ಟರ್ ದಾಟುವ ಹೊತ್ತಿಗೆ ಅಲೆಗಳ ಬಿರುಸು ತಗ್ಗಿರುತ್ತದೆ. ನೀವು ಬದಲಿಸಲಿರುವುದು ಕನ್ವರ್ಟರಿನ ಹಿಂದಿನ ಭಾಗವನ್ನಷ್ಟೇ.

ಹಾಗಾಗಿ 3 ಇಂಚಿಗೆ ಹೆದರಬೇಕಾಗಿಲ್ಲ. 2.5 ಇಂಚಿನ ಕೊಳವೆಯ ಒಳವಿಸ್ತೀರ್ಣ ಸುಮಾರು 4.9 ಚದರ ಇಂಚು, 3 ಇಂಚಿನದು ಸುಮಾರು 7.1, ಅರ್ಧ ಇಂಚಿನ ಹೆಚ್ಚಳದಿಂದ ಶೇಕಡಾ 44ರಷ್ಟು ಹೆಚ್ಚು ಜಾಗ ಸಿಗುತ್ತದೆ. ದೊಡ್ಡ ವಿ8ಕ್ಕೆ ಒಂಟಿ 3 ಇಂಚಿನ ಕೊಳವೆ ಅತಿಯೇನಲ್ಲ, ಅದಕ್ಕೂ ಅಗಲವಾದದ್ದನ್ನು ಹಾಕಿಸಿದರೆ ಹೆಚ್ಚುವುದು ಸದ್ದು ಮಾತ್ರ. ಅಗಲಕ್ಕಿಂತ ಬಾಗುಗಳನ್ನು ನೋಡಿ. ಒಳಗೆ ಮ್ಯಾಂಡ್ರೆಲ್ ಎಂಬ ಅಚ್ಚುಗೂಟ ಇಟ್ಟು ಬಗ್ಗಿಸಿದ ಕೊಳವೆ ತಿರುವಿನಲ್ಲೂ ದುಂಡಗೇ ಉಳಿಯುತ್ತದೆ. ಒತ್ತಿ ಬಗ್ಗಿಸಿದ್ದು ತಿರುವಿನಲ್ಲಿ ಚಪ್ಪಟೆಯಾಗಿ ಸುಕ್ಕುಗಟ್ಟುವುದರಿಂದ, ಕೊಟ್ಟ 3 ಇಂಚು ಅಲ್ಲಿಯೇ ಕಳೆದುಹೋಗುತ್ತದೆ. ಶಕ್ತಿಯ ವಿಷಯದಲ್ಲಿ ಹೆಚ್ಚು ಆಸೆ ಬೇಡ. ಎಂಜಿನ್ನಿನಲ್ಲಿ ಬೇರೇನನ್ನೂ ಬದಲಿಸದೆ ಕ್ಯಾಟ್‌-ಬ್ಯಾಕ್ ಮಾತ್ರ ಹಾಕಿಸಿದವರಿಗೆ ಸಿಗುವ ಲಾಭ, ಸೀಟಿನಲ್ಲಿ ಕುಳಿತು ಗುರುತಿಸಬಹುದಾದಷ್ಟು ದೊಡ್ಡದಾಗಿರುವುದು ಅಪರೂಪ. ಸದ್ದು ಜೋರಾದಾಗ ಗಾಡಿಯೂ ಜೋರಾಗಿದೆ ಎಂದು ಕಿವಿ ನಂಬಿಸುತ್ತದೆ, ಅಷ್ಟೆ.

ಇನ್ನು ಆರ್‌ಪಿಎಂ. ನಾಲ್ಕು ಸ್ಟ್ರೋಕಿನ ವಿ8 ಎಂಜಿನ್ ಒಂದು ಸುತ್ತಿಗೆ ನಾಲ್ಕು ಬಾರಿ ಸಿಡಿಯುತ್ತದೆ. 1800 ಆರ್‌ಪಿಎಂ ಎಂದರೆ ಸೆಕೆಂಡಿಗೆ 30 ಸುತ್ತು, ಅಂದರೆ 120 ಸಿಡಿತ. ಹೊಗೆನಳಿಗೆಯಲ್ಲಿ ಮೊಳಗುವ ಮುಖ್ಯ ಸ್ವರ 120 ಹರ್ಟ್ಸ್‌ನದಾಗಿರುತ್ತದೆ. ಕ್ಯಾಬಿನ್ ಒಂದು ಮುಚ್ಚಿದ ಪೆಟ್ಟಿಗೆ. ಅದರ ಗಾಳಿಯೂ ತಗಡೂ ಇಂಥ ತಗ್ಗು ಸ್ವರಗಳಿಗೆ ದನಿಗೂಡಿಸಿದಾಗ ಹುಟ್ಟುವ ಗುಂಯ್‌ಗುಡುವಿಕೆಗೆ ಡ್ರೋನ್ ಎನ್ನುತ್ತೇವೆ. ಕಿಟ್ ಹಾಕಿಸಿಕೊಂಡು ಮನೆ ತಲುಪುವವರೆಗೆ ಖುಷಿಯಾಗಿದ್ದವರು, ಎರಡು ಗಂಟೆಗಳ ಹೆದ್ದಾರಿ ಪ್ರಯಾಣ ಮುಗಿಸಿದೊಡನೆ ತಲೆನೋವು ಹೊತ್ತು ವಾಪಸ್ಸು ಬರುವುದು ಇದರಿಂದಲೇ. ನಿಮ್ಮ ಪಿಕಪ್ ಹಗುರ ಓಟದಲ್ಲಿ ನಾಲ್ಕು ಸಿಲಿಂಡರುಗಳನ್ನು ತಾನೇ ನಿಲ್ಲಿಸುವ ಬಗೆಯದಾಗಿದ್ದರೆ ಇನ್ನೂ ಎಚ್ಚರ ಬೇಕು, ಏಕೆಂದರೆ ಆಗ ಅದೇ 1800ರಲ್ಲಿ ಸ್ವರ 60 ಹರ್ಟ್ಸ್‌ಗೆ ಇಳಿಯುತ್ತದೆ.

ಈ ಒಂದು ಸ್ವರವನ್ನು ಹಿಡಿದು ಕೊಲ್ಲಲು ಮುಖ್ಯ ಕೊಳವೆಗೆ, ತುದಿ ಮುಚ್ಚಿದ ಪಕ್ಕದ ಕೊಳವೆಯೊಂದನ್ನು ಬೆಸೆಯುವುದುಂಟು. ಅದರ ಉದ್ದ ಆ ಸ್ವರದ ಅಲೆಯುದ್ದದ ಕಾಲುಭಾಗವಿರಬೇಕು. ಸುಮಾರು 300 ಡಿಗ್ರಿ ಸೆಲ್ಸಿಯಸ್ ಕಾವಿನ ಅನಿಲದಲ್ಲಿ ಶಬ್ದ ಸೆಕೆಂಡಿಗೆ ಸುಮಾರು 480 ಮೀಟರ್ ಸಾಗುವುದರಿಂದ, 120 ಹರ್ಟ್ಸ್‌ಗೆ ಬೇಕಾದ ಉದ್ದ 1 ಮೀಟರ್. ಮುಚ್ಚಿದ ಕೊಳವೆಯೊಳಗೆ ಅನಿಲ ಅಷ್ಟು ಬಿಸಿಯಾಗಿರದ ಕಾರಣ ವಾಸ್ತವದಲ್ಲಿ ತುಸು ಕಡಿಮೆ. ಒಳಹೋದ ಅಲೆ ಗೋಡೆಗೆ ಬಡಿದು ಮರಳುವಾಗ ತಿರುವುಮುರುವಾಗಿ ಬಂದು ಹೊಸ ಅಲೆಯನ್ನು ಅಳಿಸುತ್ತದೆ. ನೀವು ಬರೆದಿಟ್ಟುಕೊಂಡ ಆರ್‌ಪಿಎಂ ಇಲ್ಲದೆ ಈ ಲೆಕ್ಕ ಸಾಧ್ಯವಿಲ್ಲ.

ಸೈಲೆನ್ಸರ್ ಡಬ್ಬಿಯಲ್ಲಿ, ರಂಧ್ರಗಳ ನೇರ ಕೊಳವೆಯ ಸುತ್ತ ಗಾಜಿನ ನಾರು ತುಂಬಿದ್ದು ಅಡ್ಡಿ ಕಡಿಮೆ ಮಾಡುತ್ತದೆ, ಆದರೆ ತಗ್ಗು ಸ್ವರಗಳನ್ನು ಅಷ್ಟಾಗಿ ಹೀರುವುದಿಲ್ಲ. ಮೇಲಾಗಿ ವರ್ಷಗಳು ಕಳೆದಂತೆ ನಾರು ಸುಟ್ಟು ಸದ್ದು ಏರುತ್ತದೆ. ಒಳಗೆ ಕೋಣೆಗಳಿರುವ ಡಬ್ಬಿಗಳ ಸದ್ದು ಒರಟು, ಡ್ರೋನ್ ಅವುಗಳಲ್ಲೂ ಇಣುಕುತ್ತದೆ. ನಿಮಗೆ ನನ್ನ ಸಲಹೆ, ಉದ್ದವಾದ ನೇರ ಕೊಳವೆಯ ಡಬ್ಬಿ ಮತ್ತು ಅದರೊಂದಿಗೆ ಒಂದು ರೆಸೊನೇಟರ್, ಅಂದರೆ ಮೇಲೆ ಹೇಳಿದ ಪಕ್ಕದ ಕೊಳವೆಯಂತೆ ನಿರ್ದಿಷ್ಟ ಸ್ವರವನ್ನು ಅಳಿಸುವ ಭಾಗ. ವಿಡಿಯೋ ಕೇಳಿ ಆರಿಸಬೇಡಿ. ಫೋನಿನ ಮೈಕ್ ಜೋರು ಸದ್ದನ್ನು ತಾನೇ ತಗ್ಗಿಸಿ, ತಗ್ಗು ಸ್ವರವನ್ನು ನುಂಗಿಬಿಡುತ್ತದೆ. ಅದೇ ಕಿಟ್ ಹಾಕಿಸಿದವರ ಗಾಡಿಯಲ್ಲಿ, ಕಿಟಕಿ ಮುಚ್ಚಿಕೊಂಡು, ನಿಮ್ಮ ಆರ್‌ಪಿಎಂನಲ್ಲಿ ಹತ್ತು ನಿಮಿಷ ಕುಳಿತು ಬನ್ನಿ.

ಅದೇ ಸದಸ್ಯರು: ವಿವರಕ್ಕೆ ಧನ್ಯವಾದಗಳು ಸರ್. 409 ಮತ್ತು 304 ಎಂಬ ಎರಡು ಸ್ಟೇನ್‌ಲೆಸ್ ಸ್ಟೀಲುಗಳಲ್ಲಿ ಯಾವುದು? ಕೊಳವೆಯ ಬಾಯಿ ಪಕ್ಕಕ್ಕಿದ್ದರೆ ಚೆಂದ ಎನಿಸುತ್ತದೆ, ಅದು ಸರಿಯೇ?

ಉತ್ತರ: 409ರಲ್ಲಿ ಕ್ರೋಮಿಯಂ ಸುಮಾರು ಶೇಕಡಾ 11ರಷ್ಟಿರುತ್ತದೆ. ಅದರ ಮೈಮೇಲೆ ಕಂದು ಬಣ್ಣ ಕಾಣಿಸಿಕೊಂಡರೂ ಬೇಗ ತೂತು ಬೀಳುವುದಿಲ್ಲ. 304ರಲ್ಲಿ ಕ್ರೋಮಿಯಂ ಸುಮಾರು ಶೇಕಡಾ 18, ನಿಕಲ್ ಸುಮಾರು 8. ಹೊಳಪು ಉಳಿಯುತ್ತದೆ, ಬೆಲೆಯೂ ಏರುತ್ತದೆ. ಅಂಗಡಿಯಲ್ಲಿ ಒಂದು ಅಯಸ್ಕಾಂತ ಹಿಡಿದು ನೋಡಿ, 409ಕ್ಕೆ ಅದು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, 304ಕ್ಕೆ ಅಂಟುವುದೇ ಇಲ್ಲವೆನ್ನಬಹುದು. ರಸ್ತೆಗೆ ಉಪ್ಪು ಸುರಿಯುವ ಕಡೆ ಅಥವಾ ಕಡಲ ಬಳಿ ಇರುವವರಿಗೆ 304 ಯೋಗ್ಯ. ಉಳಿದವರಿಗೆ 409 ಸಾಕು.

ಬಾಯಿ ಪಕ್ಕಕ್ಕಿರುವುದು ತಪ್ಪಲ್ಲ, ಆದರೆ ಅದು ಕ್ಯಾಬಿನ್ ದಾಟಿದ ಮೇಲೆ, ವಾಹನದ ಅಂಚಿನಾಚೆಗೆ ತೆರೆದಿರಲೇಬೇಕು. ಸರಕು ಪೆಟ್ಟಿಗೆಯ ಅಡಿಯಲ್ಲೇ ಕೊಳವೆ ಕತ್ತರಿಸಿ ಬಿಟ್ಟರೆ ಕಾರ್ಬನ್ ಮೊನಾಕ್ಸೈಡ್ ಅಲ್ಲೇ ಸುಳಿದು, ಸಂದುಗಳಿಂದ ಒಳಕ್ಕೆ ಬರುತ್ತದೆ. ಹಿಂದೆ ಮುಚ್ಚಿಗೆ ಹಾಕಿಸಿಕೊಂಡವರಿಗೆ ಈ ಅಪಾಯ ಇನ್ನೂ ಹೆಚ್ಚು.

ಮತ್ತೊಬ್ಬ ಸದಸ್ಯರು: ನನ್ನದು ಟರ್ಬೊ ಡೀಸೆಲ್ ಪಿಕಪ್. ಡಿಪಿಎಫ್ (ಡೀಸೆಲ್ ಹೊಗೆಯ ಮಸಿ ಹಿಡಿಯುವ ಜಾಲರಿ) ತೆಗೆಸಿ ನೇರ ಕೊಳವೆ ಹಾಕಿಸಿದರೆ ಎಳೆತವೂ ಮೈಲೇಜೂ ಏರುತ್ತವೆ ಎಂದು ಗ್ಯಾರೇಜಿನವರು ಹೇಳುತ್ತಿದ್ದಾರೆ. ಮಾಡಿಸಬಹುದೇ?

ಉತ್ತರ: ಬೇಡ. ಅದು ಬಹಳಷ್ಟು ದೇಶಗಳಲ್ಲಿ ಕಾನೂನುಬಾಹಿರ, ಮತ್ತು ಆ ಜಾಲರಿ ಹಿಡಿದಿಡುವ ಮಸಿ ಮುಂದೆ ನಿಮ್ಮ ಹಿಂದಿನವರ ಶ್ವಾಸಕೋಶಕ್ಕೆ ಹೋಗುತ್ತದೆ. ಡಿಪಿಎಫ್‌ನ ಹಿಂದಿನ ಕೊಳವೆಯನ್ನು ಮಾತ್ರ ಬದಲಿಸಿ. ಟರ್ಬೊದ ಆಚೆಗೆ ಅಡ್ಡಿ ಕಡಿಮೆಯಾದಷ್ಟೂ ಒಳ್ಳೆಯದೇ ಆದ್ದರಿಂದ ಅಲ್ಲಿ ಅಗಲ ಹೆಚ್ಚಾದರೆ ತೊಂದರೆಯಿಲ್ಲ. ಒಂದು ಸಂಗತಿ ಮಾತ್ರ ಗಮನದಲ್ಲಿರಲಿ: ಕೂಡಿದ ಮಸಿಯನ್ನು ಸುಡುವ ರೀಜನರೇಶನ್ ವೇಳೆ ಡಿಪಿಎಫ್ ಒಳಗಿನ ಕಾವು 600 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಕೆಲವು ಪಿಕಪ್‌ಗಳ ಮೂಲ ಕೊಳವೆಯ ತುದಿಯಲ್ಲಿ ಹೊರಗಿನ ಗಾಳಿಯನ್ನು ಎಳೆದುಕೊಂಡು ಹೊಗೆಯನ್ನು ತಣಿಸುವ ಸಂದುಗಳಿರುತ್ತವೆ. ಹೊಳೆಯುವ ಹೊಸ ತುದಿಯ ಆಸೆಗೆ ಅದನ್ನು ಕತ್ತರಿಸಿ ಎಸೆದು, ಒಣಹುಲ್ಲಿನ ಮೇಲೆ ಗಾಡಿ ನಿಲ್ಲಿಸಬೇಡಿ.

ಮೊದಲ ಸದಸ್ಯರು: ಕೊನೆಯದಾಗಿ, ಇದನ್ನು ನಾನೇ ಕೂರಿಸಬಹುದೇ?

ಉತ್ತರ: ಕೂರಿಸಬಹುದು. ಎಂಜಿನ್ ಪೂರ್ತಿ ತಣಿದಿರಲಿ, ಗಾಡಿಯನ್ನು ಜ್ಯಾಕಿನ ಮೇಲೆ ಬಿಟ್ಟು ಕೆಳಗೆ ನುಸುಳದೆ ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ತುಕ್ಕು ಹಿಡಿದ ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ಎಣ್ಣೆ ಬಿಡಿ. ಕೊಳವೆಯನ್ನು ತೂಗುಹಾಕುವ ಹ್ಯಾಂಗರ್ ರಬ್ಬರುಗಳಿಗೆ ಸೋಪಿನ ನೀರು ಸವರಿದರೆ ಜಾರಿ ಬರುತ್ತವೆ. ಕಿಟ್ ತರಿಸುವಾಗ ಮಾಡೆಲ್ ಹೆಸರಿನ ಜೊತೆಗೆ ಕ್ಯಾಬಿನ್ ಮತ್ತು ಸರಕು ಪೆಟ್ಟಿಗೆಯ ಉದ್ದವನ್ನೂ ತಿಳಿಸಿ. ಒಂದೇ ಮಾಡೆಲಿನಲ್ಲಿ ಕೊಳವೆಯ ಉದ್ದ ಅದಕ್ಕೆ ತಕ್ಕಂತೆ ಬೇರೆಯಾಗುತ್ತದೆ.

ಕೆಲಸ ಕಲಿಯುವ ದಿನಗಳಲ್ಲಿ ನಾನು ಕೂರಿಸಿದ ಒಂದು ಕಿಟ್, ಗಾಡಿ ನಿಂತಾಗ ಮೌನವಾಗಿದ್ದು, ಇಪ್ಪತ್ತು ನಿಮಿಷ ಓಡಿದ ಮೇಲೆ ಮಾತ್ರ ಕಟಕಟ ಎನ್ನುತ್ತಿತ್ತು. ತಣ್ಣಗಿರುವಾಗ ಸ್ಟೆಪ್ನಿಯ ಚೌಕಟ್ಟಿಗೂ ಕೊಳವೆಗೂ ನಡುವೆ ಒಂದು ಬೆರಳು ತೂರುವಷ್ಟು ಜಾಗವಿತ್ತು, ಸಾಕೆಂದುಕೊಂಡಿದ್ದೆ. ಮೂರು ಮೀಟರ್ ಉದ್ದದ 304 ಕೊಳವೆಯ ಕಾವು 300 ಡಿಗ್ರಿ ಏರಿದರೆ ಅದು ಸುಮಾರು 15 ಮಿಲಿಮೀಟರ್ ಬೆಳೆಯುತ್ತದೆ ಎಂದು ನಾನು ಆಗ ಲೆಕ್ಕ ಹಾಕಿರಲಿಲ್ಲ. ಆದ್ದರಿಂದ ಎಲ್ಲ ಕ್ಲ್ಯಾಂಪುಗಳನ್ನೂ ಮೊದಲು ಸಡಿಲವಾಗಿಯೇ ಹಾಕಿ, ಸುತ್ತಲೂ ಕನಿಷ್ಠ 25 ಮಿಲಿಮೀಟರ್ ಬಿಟ್ಟು, ಮುಂದಿನಿಂದ ಹಿಂದಕ್ಕೆ ಬಿಗಿಯುತ್ತಾ ಬನ್ನಿ. ಯು ಆಕಾರದವು ಕೊಳವೆಯನ್ನೇ ಹಿಸುಕುತ್ತವೆ, ಪಟ್ಟಿಯ ಕ್ಲ್ಯಾಂಪ್ ಮೇಲು. ಮೊದಲ ಬಾರಿ ಸ್ಟಾರ್ಟ್ ಮಾಡಿದಾಗ ಬರುವ ಬಿಳಿ ಹೊಗೆ ತಯಾರಿಕೆಯ ಎಣ್ಣೆ ಸುಡುವುದು, ಗಾಬರಿ ಬೇಡ. ನೂರಿನ್ನೂರು ಕಿಲೋಮೀಟರ್ ಓಡಿಸಿ, ತಣಿದ ಮೇಲೆ ಮತ್ತೊಮ್ಮೆ ಬಿಗಿಮಾಡಿ, ಪ್ರತಿ ಜೋಡಣೆಯನ್ನೂ ಟಾರ್ಚ್ ಹಾಕಿ ನೋಡಿ. ಎಲ್ಲಾದರೂ ಕಪ್ಪು ಮಸಿಯ ಗೆರೆ ಮೂಡಿದ್ದರೆ ಅನಿಲ ಸೋರುತ್ತಿರುವುದು ಅಲ್ಲಿಯೇ.