ಸಹಾಯ ಬೇಕು: ಕಾರ್ಮಿಕರ ಮಾತು ಗುಟ್ಟಾಗಿಡೋ ಕರಾರು

ಬೆಳಗಾವಿ ಉದ್ಯಮಬಾಗದ ಒಂದು ಫೌಂಡ್ರಿಗೆ (ಲೋಹ ಎರಕದ ಕಾರ್ಖಾನೆ) ಕಾರ್ಯಕ್ಷಮತೆ ಸುಧಾರಣೆಯ ಸಲಹಾ ಕರಾರು ಬರೀಬೇಕಾಗೇದ. ಮಾಲೀಕರು ಕೇಳೋದು ಮರಳಿನ ಅಚ್ಚು ಮಾಡೋ ಮೋಲ್ಡರ್‌ಗಳಿಗೆ ತರಬೇತಿ. ಆದರ ರಿಜೆಕ್ಟ್ ಆದ ಎರಕದಾಗ ಹೆಚ್ಚಿನವು ಬ್ಲೋಹೋಲ್, ಅಂದರ ಆವಿ ಸಿಕ್ಕೊಂಡು ಆದ ತೂತಿನ ದೋಷ. ಅಚ್ಚಿನ ಹಸಿ ಮರಳಿನ ತೇವ ಸಾಮಾನ್ಯವಾಗಿ 3–4% ಇರಬೇಕು. ಹೆಚ್ಚಾದರ ಆವಿ ಹೊರಗ ಹೋಗದ ಲೋಹದಾಗ ಸಿಕ್ಕೊಳ್ತದ. ದೋಷದ ಕಾರಣ ಏನಂತ ಅಳೀದ ತರಬೇತಿ ಮಾರೋದು ಐಎಸ್‌ಪಿಐ (ಕಾರ್ಯಕ್ಷಮತೆ ಸುಧಾರಣೆಯ ಅಂತರರಾಷ್ಟ್ರೀಯ ಸಂಘ) ನೀತಿಸಂಹಿತೆಯ ‘ಮೌಲ್ಯ ಸೇರಿಸು’ ತತ್ವಕ್ಕ ವಿರುದ್ಧ, ಅದು ಸ್ಪಷ್ಟ. ತೇವಮಾಪಕ ಮಾರೋರ ಕಮಿಷನ್ ಬೇಡ ಅನ್ನೋ ಸಾಲೂ ಹಾಕೇವಿ.

ತೊಡಕು ಮೋಲ್ಡರ್‌ಗಳು ನಮಗ ಹೇಳೋ ಮಾತಿನ ಗೌಪ್ಯತೆಯದು. ಪಾಳಿಗೆ ಮೂರೇ ಮೋಲ್ಡರ್, ಹೆಸರು ತೆಗೆದರೂ ಯಾರ ಮಾತು ಅಂತ ಸೂಪರ್‌ವೈಸರ್‌ಗೆ ಗೊತ್ತಾಗ್ತದ (ಬೈಗುಳದ ಶೈಲಿಯಿಂದಲೇ!). ಮೂರೂ ಪಾಳಿ ಕೂಡಿಸಿ ವರದಿ ಮಾಡಿದರ ರಾತ್ರಿಪಾಳಿಯ ದೋಷ ಮುಚ್ಚಿಹೋಗ್ತದ. ಅವರ ಮಾತು ಬರಕೊಂಡ ಮೂಲ ಟಿಪ್ಪಣಿ ಮಾಲೀಕರಿಗೆ ಕೊಡಂಗಿಲ್ಲ ಅನ್ನೋ ಷರತ್ತು ಬರೆದವರು ಆ ಒಕ್ಕಣೆ ಕಳಿಸ್ರಿ. ಸಹಿ ಸೋಮವಾರ.