ಬಣ್ಣ ನೀಲಿ ಆಯಿತು, ಅಂದರೆ ನೀರಲ್ಲಿ ಪಾದರಸ ಇದೆಯಾ?

ಪ್ರಶ್ನೆ: ಸರ್, ಕಾಲೇಜು ಪ್ರಾಜೆಕ್ಟ್‌ಗೆ ಚಿನ್ನದ ನ್ಯಾನೊ ಕಣಗಳ ದ್ರಾವಣ ಮಾಡಿದ್ದೇವೆ. ಸಿಟ್ರೇಟ್ (ಸಿಟ್ರಿಕ್ ಆಮ್ಲದ ಲವಣ) ಲೇಪನ ಬಿಟ್ಟು ಬೇರೇನೂ ಹಾಕಿಲ್ಲ. ಮನೆಯ ಬಾವಿ ನೀರು ಬೆರೆಸಿದ ತಕ್ಷಣ ಕೆಂಪು ಹೋಗಿ ನೀಲಿ ಆಯಿತು. ಪಾದರಸ ಇದ್ದರೆ ಬಣ್ಣ ಹೀಗೆ ಬದಲಾಗುತ್ತದೆ ಅಂತ ಕೇಳಿದ್ದೆ, ಹಾಗಾದರೆ ಪಾದರಸ ಇದೆ ಅಂತಲಾ? ಮನೆಯವರೆಲ್ಲ ಅದೇ ನೀರು ಕುಡಿಯುತ್ತಾರೆ, ತುಂಬಾ ಭಯ ಆಗಿದೆ.

ಉತ್ತರ: ನಿಮ್ಮ ಭಯ ಅರ್ಥ ಆಗುತ್ತದೆ. ಆದರೆ ಇಷ್ಟರಿಂದಲೇ ಪಾದರಸ ಇದೆ ಅನ್ನಲು ಆಗುವುದಿಲ್ಲ. ಕಣಗಳು ಗುಂಪುಗೂಡಿವೆ ಅಂತ ಮಾತ್ರ ಆ ನೀಲಿ ಹೇಳುತ್ತದೆ. ಯಾಕೆ ಗುಂಪುಗೂಡಿದವು ಅಂತ ಹೇಳುವುದಿಲ್ಲ.

ಸುಮಾರು 13 ನ್ಯಾನೊಮೀಟರಿನ (ಒಂದು ನ್ಯಾನೊಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು) ಚಿನ್ನದ ಕಣಗಳು ಬಿಡಿಬಿಡಿಯಾಗಿದ್ದಾಗ 520 ನ್ಯಾನೊಮೀಟರ್ ಆಸುಪಾಸಿನ ತರಂಗಾಂತರದ ಹಸಿರು ಬೆಳಕನ್ನು ಹೀರುತ್ತವೆ. ಅದಕ್ಕೇ ದ್ರಾವಣ ಕೆಂಪಗೆ ಕಾಣುವುದು. ಒಂದಕ್ಕೊಂದು ಹತ್ತಿರ ಬಂದರೆ ಕೆಂಪು ಬೆಳಕನ್ನೂ ಹೀರತೊಡಗುತ್ತವೆ, ಆಗ ನೇರಳೆ, ಆಮೇಲೆ ನೀಲಿ. ಸಿಟ್ರೇಟ್ ಕೊಡುವ ಋಣ ವಿದ್ಯುದಂಶವೇ ಅವನ್ನು ದೂರ ದೂರ ಇಡುತ್ತದೆ. ನೀರಿನಲ್ಲಿ ಉಪ್ಪು, ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ ಇದ್ದರೆ ಆ ತಳ್ಳಾಟ ಸೋಲುತ್ತದೆ. ಗಡಸು ನೀರಾದರೆ ಒಂದು ತೊಟ್ಟೂ ಪಾದರಸ ಇಲ್ಲದೆ ಬಣ್ಣ ತಿರುಗಬಹುದು.

ನೀವೇ ನೋಡಿ. ಮೂರು ಟ್ಯೂಬಿಗೆ ಒಂದೇ ಅಳತೆ ದ್ರಾವಣ ಹಾಕಿ. ಒಂದಕ್ಕೆ ಡಿಸ್ಟಿಲ್ಡ್ ನೀರು, ಇನ್ನೊಂದಕ್ಕೆ ಅಡುಗೆ ಉಪ್ಪು ಕರಗಿಸಿದ ಡಿಸ್ಟಿಲ್ಡ್ ನೀರು, ಮತ್ತೊಂದಕ್ಕೆ ಬಾವಿ ನೀರು. ಹಿಂದೆ ಬಿಳಿ ಹಾಳೆ ಹಿಡಿಯಿರಿ. ಉಪ್ಪು ಸಾಕಷ್ಟಿದ್ದರೆ ಎರಡನೆಯದೂ ನೀಲಿ ಆಗುತ್ತದೆ, ಬರೀ ಉಪ್ಪಿನಿಂದಲೇ! ಈ ಹೋಲಿಕೆ ಇಲ್ಲದ ಪ್ರಾಜೆಕ್ಟ್ ರಿಪೋರ್ಟನ್ನು ನಾನಂತೂ ಒಪ್ಪುವುದಿಲ್ಲ.

ಪಾದರಸವನ್ನೇ ಗುರುತಿಸಬೇಕಾದರೆ ಅದನ್ನೇ ಹಿಡಿಯುವ ಏನಾದರೂ ಬೇಕು. ಥೈಮಿನ್ (ಡಿಎನ್ಎಯ ನಾಲ್ಕು ಬಗೆಯ ಬೇಸ್‌ಗಳಲ್ಲಿ ಒಂದು) ಇರುವ ಡಿಎನ್ಎ ಎಳೆ ಬಳಸುವುದು ಚೆನ್ನಾದ ದಾರಿ. ಎರಡು ಥೈಮಿನ್‌ಗಳ ನಡುವೆ ಪಾದರಸದ ಅಯಾನು ಸರಿಯಾಗಿ ಕೂರುತ್ತದೆ.

ಪ್ರಶ್ನೆ: ಹಾಗಾದರೆ ಬಣ್ಣ ಬದಲಾಗದಿದ್ದರೆ ಧೈರ್ಯವಾಗಿ ಕುಡಿಯಬಹುದು ಅಲ್ವಾ ಸರ್?

ಉತ್ತರ: ಇಲ್ಲ, ದಯವಿಟ್ಟು ಹಾಗೆ ಮಾಡಬೇಡಿ. ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿಗೆ ಹೇಳುವ ಮಿತಿ ಲೀಟರಿಗೆ ಪಾದರಸ 6 ಮೈಕ್ರೊಗ್ರಾಂ, ಸೀಸ 10 ಮೈಕ್ರೊಗ್ರಾಂ. ಅಷ್ಟು ಕಡಿಮೆ ಇದ್ದಾಗ ಬಣ್ಣದ ವ್ಯತ್ಯಾಸ ಕಣ್ಣಿಗೆ ಕಾಣದೇ ಹೋಗಬಹುದು. ಕುದಿಸಿದರೆ ಹೋಗುತ್ತದೆ ಅಂತಲೂ ನಂಬಬೇಡಿ. ಸೀಸದಂಥ ಲೋಹ ಅಲ್ಲೇ ಉಳಿಯುತ್ತದೆ, ನೀರು ಆವಿಯಾದಷ್ಟೂ ಅದರ ಪ್ರಮಾಣ ಹೆಚ್ಚುತ್ತದೆ.

ನೀರನ್ನು ಲ್ಯಾಬಿಗೆ ಕೊಟ್ಟು ಐಸಿಪಿ-ಎಂಎಸ್ (ನೀರಿನಲ್ಲಿ ತೀರಾ ಕಡಿಮೆ ಇರುವ ಲೋಹವನ್ನೂ ಅಳೆಯುವ) ಪರೀಕ್ಷೆ ಮಾಡಿಸಿ. ಫಲಿತಾಂಶ ಬರುವವರೆಗೆ ಕುಡಿಯಲು, ಅಡುಗೆಗೆ ಬೇರೆ ನೀರು ಬಳಸಿ. ಬಾಟಲಿಯನ್ನೂ ಲ್ಯಾಬಿನವರಿಂದಲೇ ಕೇಳಿ ತನ್ನಿ. ಸುಮ್ನೆ ಮನೆಯಲ್ಲಿದ್ದ ಬಾಟಲಿಯಲ್ಲಿ ತುಂಬಿಟ್ಟರೆ ಲೋಹ ಅದರ ಒಳಮೈಗೆ ಅಂಟಿಕೊಂಡು, ಇರುವುದಕ್ಕಿಂತ ಕಡಿಮೆ ತೋರಿಸಬಹುದು.