ಸಹಾಯ ಬೇಕು: ನೈಲಾನ್ ಕಟಿಂಗ್ ಗೈಡ್‌ನ ಸೀಳಿನ ಒಳಗೋಡೆ ನುಣುಪು ಮಾಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಮೊಣಕಾಲಿನ ಆಸ್ಟಿಯಾಟಮಿಗಾಗಿ (ಮೂಳೆ ಕತ್ತರಿಸಿ ಸರಿಪಡಿಸುವ ಶಸ್ತ್ರಚಿಕಿತ್ಸೆ), ರೋಗಿಯ ಸಿಟಿ ಸ್ಕ್ಯಾನ್ ಆಧರಿಸಿದ ಕಟಿಂಗ್ ಗೈಡ್‌ಗಳನ್ನು (ಮೂಳೆಯ ಮೇಲೆ ಕೂತು, ಸೀಳಿನ ಮೂಲಕ ಗರಗಸಕ್ಕೆ ದಾರಿ ತೋರಿಸುವ ಸಾಧನ) ಪಿಎ12 ಎಂಬ ನೈಲಾನ್ ಪುಡಿಯಿಂದ ಎಸ್‌ಎಲ್‌ಎಸ್ (ಲೇಸರ್‌ನಿಂದ ಪುಡಿ ಬೆಸೆಯುವ 3ಡಿ ಪ್ರಿಂಟಿಂಗ್) ವಿಧಾನದಲ್ಲಿ, 0.1 ಮಿ.ಮೀ. ಪದರದಲ್ಲಿ ಪ್ರಿಂಟ್ ಮಾಡುತ್ತಿದ್ದೇವೆ. ಅಳತೆ ಸರಿಯಾಗಿದೆ, ಮೇಲ್ಮೈ ಮಾತ್ರ ಒರಟು. ಅರೆಬರೆ ಕರಗಿದ ಕಣಗಳು ಗೋಡೆಗೆ ಅಂಟಿಕೊಂಡೇ ಇರುತ್ತವೆ. ಗರಗಸ ಓಡುವಾಗ ಅವು ಕಳಚಿ ಗಾಯದೊಳಗೆ ಬೀಳಬಹುದು ಎಂಬುದೇ ದೊಡ್ಡ ಆತಂಕ.

ಈಗಿನ ಕ್ರಮ: ಗಾಜಿನ ಮಣಿಗಳಿಂದ 3 ಬಾರ್ ಒತ್ತಡದಲ್ಲಿ ಬ್ಲಾಸ್ಟಿಂಗ್, ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ತೊಳೆದು ಒಣಗಿಸುವುದು, ಆಮೇಲೆ 134 ಡಿಗ್ರಿ ಆಟೊಕ್ಲೇವ್ (ಒತ್ತಡದ ಹಬೆಯಿಂದ ಕ್ರಿಮಿಶುದ್ಧಿ). ಬ್ಲಾಸ್ಟಿಂಗ್ ಕಿರಿದಾದ ಸೀಳಿನ ಒಳಗೆ ತಲುಪುವುದಿಲ್ಲ. ಒತ್ತಡ ಹೆಚ್ಚಿಸಿದರೆ ಮಣಿಯ ಚೂರುಗಳು ನೈಲಾನಿನಲ್ಲೇ ನಾಟಿಕೊಳ್ಳುತ್ತವೆ. ಟಂಬ್ಲಿಂಗ್ (ಉಜ್ಜುವ ಕಲ್ಲುಗಳ ಜೊತೆ ಉರುಳಿಸುವುದು) ಮಾಡಿದರೆ ಅಂಚು ಸವೆದು ಗೈಡ್ ಮೂಳೆಯ ಮೇಲೆ ಅಲುಗಾಡುತ್ತದೆ. ಅಸಿಟೋನ್ ಆವಿ ಎಬಿಎಸ್ ಪ್ಲಾಸ್ಟಿಕ್‌ಗೆ ಸರಿ, ನೈಲಾನಿಗೆ ತಾಗುವುದೇ ಇಲ್ಲ. ದಯವಿಟ್ಟು ಅದನ್ನು ಸೂಚಿಸಬೇಡಿ.

ಮೂಳೆಗೆ ಕೂರುವ ಮುಖವನ್ನು ಮುಚ್ಚಿಟ್ಟು ಸೀಳನ್ನಷ್ಟೇ ನಯಗೊಳಿಸಿದವರು ಯಾರಾದರೂ ಇದ್ದೀರಾ? ದ್ರಾವಕದ ಆವಿಯ ಯಂತ್ರ ಬಳಸುವವರು ಆರ್‌ಎ ಮೌಲ್ಯ (ಮೇಲ್ಮೈಯ ಒರಟುತನದ ಅಳತೆ) ಮೊದಲು ಎಷ್ಟಿತ್ತು, ನಂತರ ಎಷ್ಟಾಯಿತು, ಸೀಳಿನ ಅಗಲ ಎಷ್ಟು ಮೈಕ್ರಾನ್ ಬದಲಾಯಿತು ತಿಳಿಸಿ. ಉಳಿದ ದ್ರಾವಕವನ್ನು ಹೇಗೆ ಪತ್ತೆ ಮಾಡಿದಿರಿ, ಐಎಸ್ಒ 10993-5 ಪರೀಕ್ಷೆ (ವಸ್ತು ಜೀವಕೋಶಗಳಿಗೆ ವಿಷಕಾರಿಯೇ ಎಂದು ನೋಡುವುದು) ಮತ್ತೆ ಮಾಡಿಸಿದಿರಾ ಎಂಬುದೂ ಮುಖ್ಯ. ಸೀಳಿಗೆ ಸ್ಟೀಲ್ ತಗಡು ಕೂರಿಸಿದವರೂ ಹೇಳಿ: ನೈಲಾನ್ ಸ್ಟೀಲಿಗಿಂತ ಹೆಚ್ಚು ಹಿಗ್ಗುತ್ತದೆ, ಹಾಗಾಗಿ ಆಟೊಕ್ಲೇವ್ ನಂತರ ಅದು ಸಡಿಲವಾಯಿತೇ?